ಸರಸ್ವತಿಯ ಮುಂದಿಟ್ಟ ಕೊಳಲು

ಅಕ್ಟೋಬರ್ 11, 1985, ಶುಕ್ರವಾರ

ಆ ಕೊಳಲಿನವನು ಇವತ್ತು ಸಾಯಂಕಾಲ ಬಂದು ತನ್ನ ಮರದ ಕೊಳಲನ್ನು ಮೊಮ್ಮಗಳು ಇಂದುವಿನ ಕೈಗೆ ಕೊಟ್ಟುಹೋದ. ನನ್ನನ್ನು ಯಾರೂ ಕೇಳಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಒಂದು ಚಾಪೆ ಜಾಗ ಬದಲಿಸಬೇಕಾದರೂ ಸತ್ಯವತಮ್ಮನವರನ್ನು, ಅಂದರೆ ನನ್ನನ್ನು, ಕೇಳಬೇಕಿತ್ತು. ಓಕ್ಲ್ಯಾಂಡಿನ ಈ ಮಗಳ ಮನೆಯಲ್ಲಿ ನನ್ನನ್ನು ಕೇಳುವುದು ಸಾರಿಗೆ ಉಪ್ಪು ಸಾಕೇ ಎಂದು ಮಾತ್ರ.

ಅವನ ಹೆಸರು ಓಟಾಕರ್ ಬಾರ್ತಾ. ಚೆಕೊಸ್ಲೊವಾಕಿಯಾದವನು. ನಮ್ಮ ಇಳಿಜಾರು ಬೀದಿಯ ಕೊನೆಯ ಮನೆಯ ಹಿಂಭಾಗದಲ್ಲಿ ಒಬ್ಬನೇ ಇದ್ದಾನೆ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಹಿರಿಯನಿರಬೇಕು, ಅರವತ್ತೈದು ದಾಟಿದೆ. ಮುನ್ನೂರು ವರ್ಷದ ಹಿಂದಿನ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸಬೇಕೆಂಬುದು ಅವನ ಹಠ. ಅದಕ್ಕಾಗಿ ಇಪ್ಪತ್ತು ಜನರನ್ನು ಸೇರಿಸಿಕೊಂಡು ಚರ್ಚೊಂದರಲ್ಲಿ ಅಭ್ಯಾಸ ಮಾಡಿಸುತ್ತಾನೆ. ಇಂದು ಅವನ ಹತ್ತಿರ ಎರಡು ವರ್ಷದಿಂದ ಕಲಿಯುತ್ತಿದ್ದಾಳೆ. ನವೆಂಬರ್ ಹದಿನಾರಕ್ಕೆ ಅವರ ಸಂಗೀತ ಕಚೇರಿ. ಅದರಲ್ಲಿ ಅವನದು ಮೊದಲ ಕೊಳಲು, ಹದಿನಾಲ್ಕು ವರ್ಷದ ನಮ್ಮ ಇಂದುವಿನದು ಎರಡನೆಯದು. ಅವಳಿಗೆ ನುಡಿಸಲು ಹಳೆಯದರಂತೆಯೇ ಮಾಡಿದ ಹೊಸ ಕೊಳಲನ್ನು ಕೊಟ್ಟಿದ್ದಾನೆ. ಅವನದು ಮಾತ್ರ ನಿಜವಾದ ಹಳೆಯದು.

ಹನ್ನೆರಡು ದಿನ ಪಾಠ ಹೇಳಲು ಲಾಸ್ ಏಂಜಲೀಸಿಗೆ ಹೋಗುತ್ತಿದ್ದಾನಂತೆ. ಅಲ್ಲಿಯ ಒಣಗಾಳಿ ಈ ಮರಕ್ಕೆ ಆಗದಂತೆ.

"ದಿನಕ್ಕೆ ಹತ್ತು ನಿಮಿಷ ನುಡಿಸು," ಎಂದು ಅವಳಿಗೆ ಹೇಳಿದ. "ಹೆಚ್ಚು ಬೇಡ, ಕಡಿಮೆಯೂ ಬೇಡ. ಮನುಷ್ಯರ ಉಸಿರು ಸಿಗದಿದ್ದರೆ ಇದು ಒಣಗಿಹೋಗುತ್ತದೆ."

ಅವನ ಇಂಗ್ಲಿಷು ನಿಧಾನ. ಹೈಸ್ಕೂಲು ಮುಗಿಸಿದ ನನಗೆ ಇಲ್ಲಿಯವರ ಮಾತಿಗಿಂತ ಅವನ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಗೇಟಿನ ತನಕ ಹೋದವನು ಮೂರು ಸಲ ಹಿಂದೆ ತಿರುಗಿ ನೋಡಿದ. ಹೆಣ್ಣನ್ನು ಗಂಡನ ಮನೆಗೆ ಬಿಟ್ಟುಹೋಗುವವನ ಹಾಗೆ.

ಪರರ ವಸ್ತು ಮನೆಯಲ್ಲಿದೆ. ನನಗೆ ಸರಿಬರುವುದಿಲ್ಲ.

ಅಕ್ಟೋಬರ್ 15, ಮಂಗಳವಾರ

ನವರಾತ್ರಿ ಶುರುವಾಗಿದೆ. ಪುಸ್ತಕದ ಕಪಾಟು ಖಾಲಿ ಮಾಡಿಸಿ ಒಂಬತ್ತು ಬೊಂಬೆ ಕೂರಿಸಿದೆ. ಇಂದು ಶಾಲೆಯಿಂದ ಬಂದವಳೇ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಆ ಕೊಳಲು ನುಡಿಸುತ್ತಾಳೆ. ದನಿಯೇನೋ ಮೃದು, ಪಾರಿವಾಳದ ಗಂಟಲಿನದರಂತೆ. ಆದರೆ ಏನೇನು ತಿನ್ನುವ ಬಾಯೋ ಮೂವತ್ತು ವರ್ಷ ಊದಿದ ವಸ್ತು ಅದು.

"ಅದನ್ನ ಬಾಯಿಗಿಡಬೇಡ, ಎಂಜಲು," ಎಂದೆ.

"ಮತ್ತೆ ಎಲ್ಲಿಟ್ಕೊಂಡು ಊದ್ಲಿ ಅಜ್ಜಿ, ಕಿವಿಗಾ?" ಎಂದಳು.

ಅಳಿಯಂದಿರು ಸ್ಯಾನ್ ರಮೋನಿನ ಆಫೀಸಿನಿಂದ ಆಗ ತಾನೇ ಬಂದು ಬೂಟು ಬಿಚ್ಚುತ್ತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಊಟಕ್ಕೆ ಕೂತಾಗ ಇಂದು ಆ ಕೊಳಲಿನ ಕಥೆ ಹೇಳಿದಳು, ಅರ್ಧ ಇಂಗ್ಲಿಷಿನಲ್ಲಿ. ಆ ದೇಶದಲ್ಲಿ ಕಮ್ಯುನಿಸ್ಟರು ಮಠಗಳನ್ನೆಲ್ಲ ಮುಚ್ಚಿಸಿ ಸಾಮಾನನ್ನು ಉಗ್ರಾಣಕ್ಕೆ ಸಾಗಿಸಿದರಂತೆ. ಪಟ್ಟಿ ಮಾಡಲು ಈ ಬಾರ್ತಾನನ್ನು ನೇಮಿಸಿದರಂತೆ. ಆಗಿನ್ನೂ ಪ್ರಾಯದವನು, ಸರ್ಕಾರದ ವಾದ್ಯವೃಂದದಲ್ಲಿ ಬೆಳ್ಳಿ ಕೊಳಲು ನುಡಿಸುತ್ತಿದ್ದವನು. ಆಲೂಗೆಡ್ಡೆ ತುಂಬಿದ್ದ ಒಂದು ಬೀರುವಿನಲ್ಲಿ ಈ ಕೊಳಲೂ ಹಳೆಯ ಸ್ವರಲಿಪಿಯ ಒಂದು ಕಟ್ಟೂ ಸಿಕ್ಕಿದವು. ಪಟ್ಟಿಯಲ್ಲಿ ಅವೆರಡರ ಎದುರು "ಉಪಯೋಗವಿಲ್ಲ" ಎಂದು ಬರೆದ. ಹಾಗೆ ಬರೆದುದನ್ನು ಸುಡಬೇಕಿತ್ತು. ಸುಡಲು ಹೋದವನು ಎರಡನ್ನೂ ಕೋಟಿನೊಳಗೆ ಇಟ್ಟುಕೊಂಡು ಬಂದ. ಇಂಥ ಮರದ ಕೊಳಲನ್ನು ನುಡಿಸುವುದು ಹೇಗೆಂದು ಹೇಳಿಕೊಡುವವರು ಆ ದೇಶದಲ್ಲಿ ಯಾರೂ ಇರಲಿಲ್ಲ. ಹಳೆಯ ಪುಸ್ತಕವೊಂದನ್ನು ಓದಿ ತಾನೇ ಕಲಿತನಂತೆ.

"ಆ ಬಂಡಲಲ್ಲಿದ್ದ ಮ್ಯೂಸಿಕ್ಕೇ ಅಜ್ಜಿ ನಾವು ಈಗ ಪ್ಲೇ ಮಾಡೋದು. ಅದರದ್ದೇ ಫ್ಲೂಟಲ್ಲಿ."

ಅಂದರೆ ಕದ್ದ ಮಾಲು, ಎಂದೆ.

ಅಕ್ಟೋಬರ್ 18, ಶುಕ್ರವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ನಾಳೆ ಮೂಲಾ ನಕ್ಷತ್ರ, ಸರಸ್ವತಿಯನ್ನು ಕೂರಿಸಬೇಕು. ಮನೆಯಲ್ಲಿರುವ ಪುಸ್ತಕ, ವಾದ್ಯ ಎಲ್ಲ ದೇವಿಯ ಮುಂದೆ ಬರಬೇಕು. ವಿಜಯದಶಮಿಯವರೆಗೆ ಯಾವುದನ್ನೂ ಮುಟ್ಟಬಾರದು. ಇಂದು ತನ್ನದು, ಬಾರ್ತಾನದು ಎರಡು ಕೊಳಲನ್ನೂ ಇಡುತ್ತೇನೆಂದು ನಿನ್ನೆಯೇ ಕುಣಿಯುತ್ತಿದ್ದಳು. ಒಳ್ಳೆಯದೇ. ಆದರೆ ಆ ಎಂಜಲು ಕೊಳಲನ್ನು ಹಾಗೆಯೇ ದೇವಿಯ ಮುಂದಿಡುವುದು ಹೇಗೆ?

ಇಂದು ಇವತ್ತಿನ ಹತ್ತು ನಿಮಿಷವನ್ನು ಬೆಳಿಗ್ಗೆಯೇ ನುಡಿಸಿ ಮುಗಿಸಿದ್ದಳು. ಎಲ್ಲರೂ ಹೊರಗೆ ಹೋದ ಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆದೆ. ನಾಲ್ಕು ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದ ಕೊಳಲು. ಬಿಡಿಸಿದೆ. ಮೈಸೂರಿನಿಂದ ತಂದಿದ್ದ ಅಂಟುವಾಳವನ್ನು ಬಿಸಿನೀರಿನಲ್ಲಿ ಕಿವುಚಿ ನೊರೆ ಬರಿಸಿ ನಾಲ್ಕನ್ನೂ ಅದರಲ್ಲಿ ಮುಳುಗಿಸಿಟ್ಟೆ. ಚಿನ್ನ, ಬೆಳ್ಳಿ, ರೇಷ್ಮೆ ಎಲ್ಲವನ್ನೂ ನಾನು ಅದರಲ್ಲೇ ತೊಳೆಯುವುದು. ನಲವತ್ತು ವರ್ಷದಲ್ಲಿ ಒಂದೂ ಕೆಟ್ಟಿಲ್ಲ. ಒಂದು ಗಂಟೆ ಬಿಟ್ಟು ತೆಗೆದು ಒರೆಸಿ, ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ.

ಎರಡು ಗಂಟೆಗೆ ತರಲು ಹೋದೆ. ಬಾಯಿಟ್ಟು ಊದುವ ತುಂಡಿನ ಮೇಲೆ ಒಂದು ಕೂದಲು ಅಂಟಿತ್ತು. ಉಗುರಿನಿಂದ ತೆಗೆಯಹೋದೆ. ಬರಲಿಲ್ಲ. ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಕೂದಲಲ್ಲ.

ತೂತಿನಿಂದ ಹೊರಟು ತುಂಡಿನ ತುದಿಯವರೆಗೂ ಬಿರುಕು. ಕೊಬ್ಬರಿ ಎಣ್ಣೆ ಸವರಿದರೆ ಮುಚ್ಚೀತು ಎಂದುಕೊಂಡೆ. ಎಣ್ಣೆ ಒಳಗಿಳಿದು ಗೆರೆ ಇನ್ನೂ ಕಪ್ಪಾಗಿ ಎದ್ದು ಕಂಡಿತು.

ತುಂಡುಗಳನ್ನು ಮೊದಲಿನಂತೆ ಸಿಕ್ಕಿಸಿ ಪೆಟ್ಟಿಗೆಯಲ್ಲಿಟ್ಟೆ. ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ಎದ್ದು ಕಿಟಕಿಯಿಂದ ನೋಡುತ್ತಿದ್ದೇನೆ.

ಅಕ್ಟೋಬರ್ 19, ಶನಿವಾರ

ಪೂಜೆಯಾಯಿತು. ಕೊಳಲನ್ನು ನಾನೇ ಇಟ್ಟೆ, ಬಿರುಕು ಕೆಳಗೆ ಬರುವಂತೆ. ಮೇಲೆ ರವಿಕೆ ಕಣ ಹೊದಿಸಿದೆ.

"ಅಜ್ಜಿ, ಫೋರ್ ಡೇಸ್ ನುಡಿಸ್ದೇ ಇದ್ರೆ ಪರವಾಗಿಲ್ವಾ? ಮಿಸ್ಟರ್ ಬಾರ್ತಾ ಎವ್ರಿ ಡೇ ಅಂದಿದ್ರು," ಎಂದಳು ಇಂದು.

"ದೇವಿಯ ಮುಂದೆ ಇಟ್ಟ ಮೇಲೆ ಮುಟ್ಟೋ ಹಾಗಿಲ್ಲ," ಎಂದೆ.

ಮಂತ್ರ ಎರಡು ಕಡೆ ತಪ್ಪಿತು. ದೇವಿಯ ಮುಖ ನೋಡಲಿಲ್ಲ.

ಅಕ್ಟೋಬರ್ 23, ಬುಧವಾರ

ವಿಜಯದಶಮಿ. ಇಂದು ಶಾಲೆಗೆ ಹೋಗುವ ಮೊದಲೇ ನಮಸ್ಕಾರ ಮಾಡಿ ಕೊಳಲು ತೆಗೆದುಕೊಂಡಳು. ನಾನು ಅಡಿಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತಿದ್ದೆ. ಆದರೂ ಕೇಳಿಸಿತು. ಕೊಳಲಿನ ದನಿಯಲ್ಲ, ಬರೀ ಗಾಳಿ. ಮತ್ತೆ ಗಾಳಿ. ಆಮೇಲೆ ಅವಳು "ಮಾಮ್" ಎಂದು ಕರೆದ ದನಿ.

ಮಗಳು ಮೈಥಿಲಿ ಆಸ್ಪತ್ರೆಯ ಕೆಲಸಕ್ಕೆ ಹೊರಟವಳು ಕಾರಿನ ಕೀ ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ನೋಡಿದಳು. "ಒಣಗಿ ಸೀಳಿದೆ ಕಣೆ," ಎಂದಳು.

ಇಂದು ಅಳಲಿಲ್ಲ. ಬಿಳಿಚಿಕೊಂಡು, "ನಾಲ್ಕು ದಿನ ನಾನು ಪ್ಲೇ ಮಾಡ್ಲಿಲ್ಲ. ನನ್ನಿಂದ," ಎಂದಳು.

ನಾನು ನಲ್ಲಿ ನಿಲ್ಲಿಸಿದೆ. ಬಾಯಿ ತೆರೆದೆ. "ಶಾಲೆಗೆ ಹೊತ್ತಾಯಿತು," ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಅಕ್ಟೋಬರ್ 24, ಗುರುವಾರ

ಅವನು ಬಂದ. ಕೈಯಲ್ಲಿ ಇಂದುವಿಗೆಂದು ಕಿತ್ತಳೆಹಣ್ಣಿನ ಚೀಲ.

ಪೆಟ್ಟಿಗೆ ತೆರೆದು ಬಹಳ ಹೊತ್ತು ನೋಡಿದ. ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದು ಮೂಸಿದ. ಕೊಬ್ಬರಿ ಎಣ್ಣೆಯ ವಾಸನೆ ಅವನಿಗೆ ಗೊತ್ತಿರಲಾರದು. ಇಂದುವಿಗೆ ಗೊತ್ತು, ಆದರೆ ನಿನ್ನೆ ಗಾಬರಿಯಲ್ಲಿ ಗಮನಿಸಿರಲಿಲ್ಲ. ಇವತ್ತು ಅವಳು ದೂರ ನಿಂತಿದ್ದಳು.

"ಏನಾಯಿತು?" ಎಂದು ಅವಳನ್ನು ಕೇಳಿದ.

ಪೂಜೆಯಲ್ಲಿ ಇಟ್ಟಿದ್ದೆವು, ಅಜ್ಜಿ ಮುಟ್ಟಬಾರದೆಂದರು, ಎಂದು ಅವಳು ಹೇಳುತ್ತಾಳೆಂದು ಕಾದೆ. ಅದನ್ನಾದರೂ ಹೇಳಲಿ ಎಂದುಕೊಂಡೆ. ಅವಳು ನನ್ನ ಕಡೆ ಒಂದು ಸಲ ನೋಡಿ, ಅವನ ಕಡೆ ತಿರುಗಿ, "ಐ ಫರ್ಗಾಟ್. ನಾಲ್ಕು ದಿನ ಮರೆತೆ," ಎಂದಳು.

ನನ್ನನ್ನು ಕಾಪಾಡಲು ಮಗು ಸುಳ್ಳು ಹೇಳಿತು. ಕಾಪಾಡಬೇಕಾದ್ದು ಎಷ್ಟು ದೊಡ್ಡದೆಂದು ಅದಕ್ಕೆ ಗೊತ್ತೂ ಇಲ್ಲ.

"ನನ್ನದೇ ತಪ್ಪು," ಎಂದ ಅವನು. "ಮಗುವಿನ ಮೇಲೆ ಇಷ್ಟು ಭಾರ ಹೊರಿಸಬಾರದಿತ್ತು." ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಗೇಟಿನ ಹತ್ತಿರ ಹಿಂದೆ ತಿರುಗಿ ನೋಡಲಿಲ್ಲ.

ಕಿತ್ತಳೆಹಣ್ಣು ಮೇಜಿನ ಮೇಲೆಯೇ ಇದೆ. ಯಾರೂ ಮುಟ್ಟಿಲ್ಲ.

ಅಕ್ಟೋಬರ್ 28, ಸೋಮವಾರ

ಇಂದು ಪಾಠಕ್ಕೆ ಹೋಗಲಿಲ್ಲ. ಕಚೇರಿಯಲ್ಲಿ ನುಡಿಸುವುದಿಲ್ಲವಂತೆ. ಇನ್ನು ಮುಂದೆ ಯಾವ ಕೊಳಲೂ ಬೇಡವಂತೆ. ಮೈಥಿಲಿ ಗದರಿದಳು, ರಮಿಸಿದಳು. ಪ್ರಯೋಜನವಾಗಲಿಲ್ಲ.

"ಎರಡು ದಿನ ಬಿಟ್ಟರೆ ಸರಿಹೋಗ್ತಾಳೆ ಬಿಡಿ ಅತ್ತೆ," ಎಂದರು ಅಳಿಯಂದಿರು. "ಆದ್ರೂ ಆ ಮನುಷ್ಯನಿಗೆ ಹೇಗಾಗಿರ್ಬೇಡ. ಬಾರ್ಡರಲ್ಲಿ ಅದನ್ನ ಬೆನ್ನಿಗೆ ಕಟ್ಕೊಂಡು ದಾಟಿಸಿದ್ನಂತೆ. ಸಿಕ್ಕಿದ್ರೆ ಜೈಲೇ."

ತಟ್ಟೆ ಮುಂದಕ್ಕೆ ಸರಿಸಿದೆ. ಹೊಟ್ಟೆ ಸರಿಯಿಲ್ಲವೆಂದು ಎದ್ದೆ.

ಅಕ್ಟೋಬರ್ 31, ಗುರುವಾರ

ಇಲ್ಲಿಯವರಿಗೆ ಇವತ್ತು ದೆವ್ವದ ಹಬ್ಬ. ಸಾಯಂಕಾಲವಿಡೀ ಬಾಗಿಲ ಗಂಟೆ. ಪ್ರತಿ ಸಲವೂ ಬಾರ್ತಾನೇ, ತಿಳಿದುಹೋಯಿತು, ಕೇಳಲು ಬಂದಿದ್ದಾನೆ ಎಂದುಕೊಂಡೇ ಬಾಗಿಲಿಗೆ ಹೋಗುತ್ತಿದ್ದೆ. ತೆರೆದರೆ ಮಿಠಾಯಿ ಕೇಳಲು ಬಂದ ಅಸ್ಥಿಪಂಜರದ ವೇಷದ ಮಕ್ಕಳು. ಅವರನ್ನು ಕಂಡರೆ ಸಮಾಧಾನವಾಗುತ್ತಿತ್ತು. ಕೈತುಂಬ ಮಿಠಾಯಿ ಕೊಟ್ಟುಬಿಟ್ಟೆ, ಏಳು ಗಂಟೆಗೆಲ್ಲ ಮುಗಿಯಿತು.

ಹೋದ ವರ್ಷ ಇದೇ ದಿನ ನಮ್ಮ ಇಂದು ಇಡೀ ಮನೆಯನ್ನು ತಲೆಕೆಳಗೆ ಮಾಡಿದ್ದಳು. ಇವತ್ತು ಕೋಣೆಯಿಂದ ಹೊರಗೆ ಬರಲಿಲ್ಲ.

ನವೆಂಬರ್ 4, ಸೋಮವಾರ

ಹೇಳಿಬಿಡುವುದೆಂದು ಬಾರ್ತಾನ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿಯಲ್ಲಿ ಕೋಡುಬಳೆ. ಇಳಿಜಾರಿನಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡೆ. ಮೊಣಕಾಲು ನೋವಿನಿಂದಲ್ಲ.

ಅವನ ಮನೆಯೆಂದರೆ ಒಂದೇ ಕೋಣೆ. ಗೋಡೆಯ ತುಂಬ ಕಾಗದ. ಕೊಳಲಿನ ಆ ತುಂಡಿಗೆ ಮೇಣ ಹಚ್ಚಿ ದಾರ ಸುತ್ತಿ ಕಿಟಕಿಯಿಂದ ದೂರ ಇಟ್ಟಿದ್ದ. ರೋಗಿಯನ್ನು ಮಲಗಿಸಿದಂತೆ. ಸರಿಮಾಡುವವನೊಬ್ಬನಿಗೆ ತೋರಿಸಿದ್ದಾನಂತೆ. ಬಿರುಕು ಮುಚ್ಚಬಹುದು, ಹಳೆಯ ದನಿ ಬರುವುದು ಅನುಮಾನ ಎಂದನಂತೆ.

ಚಹಾ ಕೊಟ್ಟ. ಮುಟ್ಟಲಿಲ್ಲ.

"ಹುಡುಗಿ ಹೇಗಿದ್ದಾಳೆ?" ಎಂದು ಕೇಳಿದ.

"ಚೆನ್ನಾಗಿದ್ದಾಳೆ," ಎಂದೆ.

ಮಾತು ಬೆಳೆಯಲೆಂದು, ಊರಿನಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದೆ. ಅದನ್ನು ಕೇಳಬಾರದಿತ್ತು. ಅಲ್ಲಿ ಅವರು ಏಳು ಜನ ಭಾನುವಾರ ಭಾನುವಾರ ಒಂದು ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ ನುಡಿಸುತ್ತಿದ್ದರಂತೆ. ದೇವರ ಹೆಸರಿರುವ ಹಾಡಿಗೆ ಅಧಿಕಾರಿಗಳು ಒಪ್ಪುತ್ತಿರಲಿಲ್ಲ. ಅದಕ್ಕಾಗಿ ಜನರೆದುರಿನ ಸಂಗೀತ ಕಚೇರಿಯಲ್ಲಿ ಬರೀ ಲಾ ಲಾ ಎಂದು ಹಾಡುವುದು, ಆ ಕೋಣೆಯಲ್ಲಿ ಮಾತ್ರ ನಿಜವಾದ ಪದ. ಒಂದು ದಿನ ಅಧಿಕಾರಿಗಳು ಬಂದರು. ಆ ಕೋಣೆಯಲ್ಲಿ ಯಾವ ದಿನ ಯಾವ ಪದ ಹಾಡಿದರೆಂಬುದು ಅವರ ಕಡತದಲ್ಲಿತ್ತು. ಬಾರ್ತಾನಿಗೆ ವಾದ್ಯವೃಂದದ ಕೆಲಸ ಹೋಯಿತು. ಎಂಟು ವರ್ಷ ಒಂದು ಕಾರ್ಖಾನೆಯ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿದ.

"ಅವರಿಗೆ ಹೇಳಿದವನು ನಮ್ಮ ಏಳು ಜನರಲ್ಲೇ ಒಬ್ಬ," ಎಂದ. "ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆದ್ದರಿಂದ ಆರು ಜನ ಗೆಳೆಯರನ್ನೂ ಕಳೆದುಕೊಂಡೆ. ಹೇಳಿದ್ದು ತಾನೇ ಎಂದು ಆ ಒಬ್ಬ ಒಪ್ಪಿಕೊಂಡಿದ್ದರೆ ಉಳಿದ ಐದು ಜನ ನನಗೆ ಉಳಿಯುತ್ತಿದ್ದರು, ಮ್ಯಾಡಮ್."

ನನ್ನ ಕಡೆ ನೋಡಿ ಹೇಳಿದ್ದಲ್ಲ. ದಾರ ಸುತ್ತಿದ ತುಂಡನ್ನು ನೋಡುತ್ತಿದ್ದ. ಕೋಡುಬಳೆಗೆ ಮೆಣಸಿನಕಾಯಿ ಸ್ವಲ್ಪ ಹೆಚ್ಚಾಗಿದೆ ಎಂದು ಹೇಳಿ ಎದ್ದುಬಂದೆ.

ಅತ್ತೆಗೆ ಹೆದರಲಿಲ್ಲ, ಮೈದುನರಿಗೆ ಹೆದರಲಿಲ್ಲ, ವಿಮಾನಕ್ಕೂ ಹೆದರಲಿಲ್ಲ. ಒಂದು ಮಾತಿಗೆ ಇಷ್ಟು ಹೆದರಿಕೆಯೇ?

ನವೆಂಬರ್ 7, ಗುರುವಾರ

ಇಂದು ಊಟ ಬಿಡುತ್ತಿದ್ದಾಳೆ. ತಟ್ಟೆಯಲ್ಲಿ ಅನ್ನ ಕಲಸಿ ಹಾಗೆಯೇ ಬಿಟ್ಟು ಏಳುತ್ತಾಳೆ. ನಾನು ನೋಡಿಯೂ ನೋಡದವಳಂತೆ ಇದ್ದೇನೆ.

ನವೆಂಬರ್ 9, ಶನಿವಾರ

ಹೇಳಿದೆ.

ಇಂದು ತನ್ನ ಹೊಸ ಕೊಳಲನ್ನು ಬಾರ್ತಾ ಅವರಿಗೆ ಹಿಂದಿರುಗಿಸಬೇಕೆಂದು ತಾಯಿಯ ಮುಂದೆ ಇಟ್ಟಳು. ಮೈಥಿಲಿಗೆ ಡ್ಯೂಟಿ. ನಾನೇ ಕೊಟ್ಟುಬರುತ್ತೇನೆಂದು ಅಳಿಯಂದಿರ ಕಾರಿನಲ್ಲಿ ಚರ್ಚಿಗೆ ಹೋದೆ. ಅವರು ಗ್ರಾಸರಿ ತರಲು ಹೋದರು. ಬಾಗಿಲಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದು ನೋಡಿದೆ. ಯಾರೂ ಬಿಟ್ಟಿರಲಿಲ್ಲ.

ಒಳಗೆ ಅಭ್ಯಾಸ ನಡೆದಿತ್ತು. ಬಾರ್ತಾ ಅವರು ಕೋಲು ಹಿಡಿಯದೆ ಬರಿಗೈಯಲ್ಲಿ ವಾದ್ಯವೃಂದ ನಡೆಸುತ್ತಾರೆ. ಮನೆಯಲ್ಲಿ ಬೆನ್ನು ಬಾಗಿದ ಮನುಷ್ಯ ಅಲ್ಲಿ ನೆಟ್ಟಗೆ ನಿಂತಿದ್ದರು. ಪಿಟೀಲು, ಹಾಡು, ಮತ್ತೆ ಪಿಟೀಲು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಆದರೆ ಅವರ ಕೈ ನಿಲ್ಲಲಿಲ್ಲ. ಸದ್ದಿಲ್ಲದೆ ಎಂಟು ಏಟು ತಾಳ ಹಾಕಿದರು. ಇಪ್ಪತ್ತು ಜನ ಉಸಿರು ಹಿಡಿದು ಕಾದರು. ಆಮೇಲೆ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ರೀತಿ.

ಪಕ್ಕದಲ್ಲಿ ಟಿಕೆಟುಗಳನ್ನು ಕಟ್ಟು ಮಾಡುತ್ತಿದ್ದ ದಪ್ಪ ಮಣಿಸರದ ಹೆಂಗಸನ್ನು, ಯಾಕೆ ನಿಲ್ಲಿಸುತ್ತಾರೆ ಎಂದು ಕೇಳಿದೆ.

"ಅಲ್ಲಿ ಎರಡನೆಯ ಕೊಳಲು ಬರಬೇಕು," ಎಂದಳು. "ಬೇರೆಯವರನ್ನು ಕರೆಸಿ ಎಂದರೆ ಕೇಳುವುದಿಲ್ಲ, ಆ ಹುಡುಗಿ ಬರುತ್ತಾಳೆ ಎನ್ನುತ್ತಾನೆ. ಅಜಾಗರೂಕ ಹುಡುಗಿ. ಅವನ ಆ ಕೊಳಲನ್ನು ಹಾಳು ಮಾಡಿದವಳೇ ಅವಳು."

ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ವಿರಾಮದಲ್ಲಿ ಅವರ ಹತ್ತಿರ ಹೋದೆ. ಇಂಗ್ಲಿಷಿನಲ್ಲಿ ಮೂರು ದಿನದಿಂದ ಜೋಡಿಸಿಟ್ಟುಕೊಂಡಿದ್ದ ವಾಕ್ಯ ಒಂದೂ ನೆನಪಾಗಲಿಲ್ಲ. "ಹುಡುಗಿಯಲ್ಲ. ನಾನು ತೊಳೆದೆ," ಎಂದೆ.

"ತೊಳೆದಿರಾ?"

"ಬಿಸಿನೀರಿನಲ್ಲಿ."

"ಎಷ್ಟು ಬಿಸಿ?"

"ಕೈ ತಾಳುವಷ್ಟು."

"ಎಷ್ಟು ಹೊತ್ತು?"

"ಒಂದು ಗಂಟೆ. ಆಮೇಲೆ ಬಿಸಿಲಿನಲ್ಲಿ ಇಟ್ಟೆ."

ಅವರು ಕನ್ನಡಕ ತೆಗೆದು ಬೆಂಚಿನ ಮೇಲೆ ಕೂತರು. ಯಾಕೆ ಎಂದು ಕೇಳಿದರು. ದೇವಿಯ ಪೂಜೆಗೆ ಎನ್ನಬಹುದಿತ್ತು. ಅದೂ ನಿಜವೇ. ಆದರೆ ನನ್ನ ಬಾಯಿಂದ ಇನ್ನೊಂದು ನಿಜ ಬಂತು. "ನಿಮ್ಮ ಬಾಯಿ ತಾಗಿತ್ತು, ಅದಕ್ಕೆ," ಎಂದೆ.

ಯಾರೋ ಪಿಟೀಲಿನ ತಂತಿ ಬಿಗಿಯುತ್ತಿದ್ದರು. ಆ ಸದ್ದು ಏರುತ್ತ ಏರುತ್ತ ಹೋಯಿತು. ಅವರು ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹುಡುಗಿಗೆ ಗೊತ್ತೇ?" ಎಂದರು ಕೊನೆಗೆ.

"ಇಲ್ಲ."

"ಹಾಗಾದರೆ ನನಗೇಕೆ ಮೊದಲು ಹೇಳಿದಿರಿ? ನಾನು ಹೊರಗಿನವನು ಎಂದೇ?"

ಕೊಳಲಿನ ಪೆಟ್ಟಿಗೆ ಚಾಚಿದೆ. ತೆಗೆದುಕೊಳ್ಳಲಿಲ್ಲ. "ಇದು ಅವಳದು. ವಾಪಸು ಒಯ್ಯಿರಿ. ಈಗ ದಯವಿಟ್ಟು ಹೋಗಿ, ನನಗೆ ಕೆಲಸವಿದೆ," ಎಂದರು. ಎದ್ದು ನಿಲ್ಲುವಾಗ ಬೆಂಚನ್ನು ಹಿಡಿದುಕೊಂಡೇ ಎದ್ದರು.

ಕಾರಿನಲ್ಲಿ ಅಳಿಯಂದಿರು, "ಏನತ್ತೆ, ಬೆವರ್ತಿದೀರಿ," ಎಂದರು. ಏನಿಲ್ಲ ಎಂದೆ.

ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಸುಳ್ಳು. ನಾಳೆ ಇಂದುವಿಗೆ ಹೇಳಬೇಕು. ಇಂದು ಹುಟ್ಟಿದ ಹನ್ನೊಂದನೆಯ ದಿನ ಅವಳನ್ನು ಮೊದಲು ಮಡಿಲಿಗೆ ತೆಗೆದುಕೊಂಡವಳು ನಾನು. ಅವಳ ಕಣ್ಣಿನಲ್ಲಿ ಸಣ್ಣವಳಾಗಿ ನಾನು ಈ ಮನೆಯಲ್ಲಿ ಹೇಗಿರಲಿ?

ನವೆಂಬರ್ 10, ಭಾನುವಾರ

ಬೆಳಿಗ್ಗೆ ಎಲ್ಲರೂ ಮೇಜಿಗೆ ಬಂದಾಗ ಹೇಳಿದೆ. ಇಂದುವಿಗೆ ಒಬ್ಬಳಿಗೇ ಹೇಳಬಹುದಿತ್ತು. ಆದರೆ ಅವಳು ತಪ್ಪು ಹೊತ್ತದ್ದು ಎಲ್ಲರ ಮುಂದೆ.

ಅಂಟುವಾಳ, ಬಿಸಿನೀರು, ಬಿಸಿಲು, ಎಣ್ಣೆ, ರವಿಕೆ ಕಣ. ಒಂದನ್ನೂ ಬಿಡಲಿಲ್ಲ. ಅಳಿಯಂದಿರು ದೋಸೆ ಕೈಯಲ್ಲಿ ಹಿಡಿದೇ ಇದ್ದರು.

"ಅಮ್ಮಾ," ಎಂದಳು ಮೈಥಿಲಿ, ಅಷ್ಟೇ.

ಇಂದು ಬಹಳ ಮೆಲ್ಲಗೆ ಕೇಳಿದಳು. "ಅವತ್ತು ನಾನು ಮಿಸ್ಟರ್ ಬಾರ್ತಾಗೆ ಹೇಳುವಾಗ ನೀನು ಅಲ್ಲೇ ನಿಂತಿದ್ದೆ ಅಲ್ವಾ ಅಜ್ಜಿ?"

"ನಿಂತಿದ್ದೆ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಿನ್ನ ಬೈತಾರೆ ಅಂತ ನಾನು ಸುಳ್ಳು ಹೇಳ್ದೆ. ಯೂ ಜಸ್ಟ್ ಸ್ಟುಡ್ ದೇರ್."

"ತಪ್ಪಾಯಿತು," ಎಂದೆ.

ಆ ಮಾತನ್ನು ಇದಕ್ಕೆ ಮೊದಲು ಯಾವಾಗ ಹೇಳಿದ್ದೆನೆಂದು ಯೋಚಿಸುತ್ತಿದ್ದೇನೆ. ನೆನಪಾಗುತ್ತಿಲ್ಲ. ಇಂದು ಕುರ್ಚಿ ಹಿಂದಕ್ಕೆ ತಳ್ಳಿ ಕೋಣೆಗೆ ಹೋಗಿ ಕದ ಹಾಕಿಕೊಂಡಳು.

ಮೈಥಿಲಿ ನನ್ನ ತಟ್ಟೆಗೆ ದೋಸೆ ಹಾಕಿದಳು. ತಿನ್ನು ಎಂದಳು. ಅವಳು ನನಗೆ ಹಾಗೆ ಹೇಳಿದ್ದು ಇದೇ ಮೊದಲು. ತಿಂದೆ.

ನವೆಂಬರ್ 11, ಸೋಮವಾರ

ನರಕಚತುರ್ದಶಿ. ಎಣ್ಣೆ ಬೆಚ್ಚಗೆ ಮಾಡಿ ಮಣೆ ಹಾಕಿ ಕರೆದೆ. ಪ್ರತಿ ವರ್ಷ ಅವಳ ನೆತ್ತಿಗೆ ಎಣ್ಣೆ ಒತ್ತುವುದು ನಾನೇ. ಇಂದು ಬಂದಳು, ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು, ಸ್ನಾನದ ಮನೆಗೆ ಹೋಗಿ ತಾನೇ ಹಚ್ಚಿಕೊಂಡಳು.

ನಾಲ್ಕು ಗಂಟೆಗೆ ಹೊಸ ಕೊಳಲಿನ ಪೆಟ್ಟಿಗೆ ಹಿಡಿದು ಇಳಿಜಾರಿನಲ್ಲಿ ಇಳಿದುಹೋಗುವುದು ಕಿಟಕಿಯಿಂದ ಕಂಡಿತು. ಹಿಂದಕ್ಕೆ ಕೊಡಲು ಹೋದಳೋ ನುಡಿಸಲು ಹೋದಳೋ? ಗಡಿಯಾರ ನೋಡುತ್ತ ಕೂತೆ. ಕೊಡಲು ಹೋದವಳಾದರೆ ಹತ್ತು ನಿಮಿಷಕ್ಕೆ ಬರಬೇಕು. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಆರಕ್ಕೆ ಬಂದಳು. ಪೆಟ್ಟಿಗೆ ಕೈಯಲ್ಲೇ ಇತ್ತು.

ನವೆಂಬರ್ 14, ಗುರುವಾರ

ದಿನವೂ ಹೋಗುತ್ತಿದ್ದಾಳೆ. ನನ್ನೊಡನೆ ಮಾತಿಲ್ಲ. ಉಪ್ಪು ಬೇಕಾದರೂ ಅಪ್ಪನನ್ನು ಕೇಳುತ್ತಾಳೆ. ಕಚೇರಿಗೆ ನಾನು ಬರುವುದು ಬೇಡವೆನ್ನುತ್ತಾಳೇನೋ ಎಂದು ಹೆದರಿಕೆ. ಕೇಳಲು ಅದಕ್ಕಿಂತ ಹೆದರಿಕೆ. ಕೇಳದೆ ಹೋಗುವುದೆಂದು ತೀರ್ಮಾನಿಸಿದ್ದೇನೆ.

ನವೆಂಬರ್ 17, ಭಾನುವಾರ

ನಿನ್ನೆಯದನ್ನು ಸರಿಯಾಗಿ ಬರೆಯಬೇಕು.

ಚರ್ಚು ತುಂಬಿತ್ತು. ಆ ಕಾಲದ ಸಂಗೀತಗಾರರು ಕೆಲವರು ಹುಟ್ಟಿ ಈ ವರ್ಷಕ್ಕೆ ಮುನ್ನೂರು ತುಂಬಿತೆಂದು ಜನಕ್ಕೆ ಆಸಕ್ತಿಯಂತೆ. ನಾವು ನಾಲ್ಕನೆಯ ಸಾಲಿನಲ್ಲಿ ಕೂತೆವು. ಇಂದು ಕಪ್ಪು ಲಂಗ ಉಟ್ಟು ಬಾರ್ತಾ ಅವರ ಪಕ್ಕದಲ್ಲಿ ಕೂತಿದ್ದಳು. ತುಟಿ ಬಿಳಿಚಿತ್ತು.

ಶುರುವಾಗುವ ಮುಂಚೆ ಬಾರ್ತಾ ಅವರು ಎದ್ದು ನಾಲ್ಕು ಮಾತು ಹೇಳಿದರು. ಆಲೂಗೆಡ್ಡೆಯ ಬೀರುವಿನಲ್ಲಿ ಸಿಕ್ಕ ಸಂಗೀತ ಇದು, ಇವತ್ತು ಮೊದಲ ಸಲ ಜನರ ಮುಂದೆ ದೇವರ ಹೆಸರಿನೊಂದಿಗೆ ಹಾಡುತ್ತೇವೆ ಎಂದರು. "ಅದರ ಜೊತೆ ಸಿಕ್ಕ ಕೊಳಲನ್ನು ನುಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಆಗುವುದಿಲ್ಲ. ಅದು ಬಿರುಕು ಬಿಟ್ಟಿದೆ. ಬೇರೆಯದರಲ್ಲಿ ನುಡಿಸುತ್ತೇನೆ." ಕಾರಣ ಹೇಳುತ್ತಾರೆಂದು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಹೇಳಲಿಲ್ಲ.

ನನ್ನ ಬೆನ್ನ ಹಿಂದೆ ಆ ಮಣಿಸರದ ಹೆಂಗಸು ಯಾರಿಗೋ ಹೇಳಿದಳು, ಪಿಸುಮಾತೆಂದು ಅವಳು ತಿಳಿದಿರಬೇಕು, ಅರ್ಧ ಚರ್ಚಿಗೆ ಕೇಳಿಸಿತು. "ಪಕ್ಕದಲ್ಲಿ ಕೂತಿದ್ದಾಳಲ್ಲ, ಆ ಹುಡುಗಿಯ ಬೇಜವಾಬ್ದಾರಿ."

ಇಂದುವಿಗೆ ಕೇಳಿಸಿತೆಂದು ಅವಳ ತಲೆ ಬಗ್ಗಿದ್ದರಿಂದ ತಿಳಿಯಿತು.

ನಾನು ಎದ್ದೆನೆಂದು ನನಗೆ ಗೊತ್ತಾದದ್ದು ಮೈಥಿಲಿ ಸೆರಗು ಹಿಡಿದು ಎಳೆದಾಗ. ಮುಂದಿನ ಬೆಂಚನ್ನು ಹಿಡಿದುಕೊಂಡೆ. ಇನ್ನೂರು ಮುಖ ತಿರುಗಿದವು. ಹಿಂದೆ ತಿರುಗಿ, ಹೈಸ್ಕೂಲಿನಲ್ಲಿ ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಹೇಳಿದೆ. "ನಾಟ್ ದಿ ಗರ್ಲ್. ಐ ಡಿಡ್ ಇಟ್. ಐ ಆಮ್ ದಿ ಗ್ರ್ಯಾಂಡ್‌ಮದರ್. ಹಾಟ್ ವಾಟರ್."

ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ಬಾರ್ತಾ ಅವರು ನನ್ನನ್ನು ನೋಡಿದರು, ನಗಲಿಲ್ಲ, ಗದರಲಿಲ್ಲ. ನಾನು ಕೂರುವ ತನಕ ಕಾದರು. ಆಮೇಲೆ ಕೈ ಎತ್ತಿದರು.

ಅಭ್ಯಾಸದ ದಿನ ಬರಿದಾಗಿದ್ದ ಆ ಜಾಗ ಬಂತು. ಎಲ್ಲ ನಿಂತಿತು. ಅವಳು ನುಡಿಸದಿದ್ದರೆ ಏನು ಗತಿ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಇಂದುವಿನ ಕೊಳಲು ಕೇಳಿಸಿತು. ಎಂಟು ಏಟಿನ ಜಾಗವೆಂದರೆ ಇಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಮಧ್ಯದಲ್ಲಿ ಒಂದು ಕಡೆ ಅವಳ ಉಸಿರು ಸಾಲದೆ ದನಿ ಸ್ವಲ್ಪ ಒಡೆಯಿತು. ಬಾರ್ತಾ ಅವರ ಕೊಳಲು ಬಂದು ಅದರ ಪಕ್ಕದಲ್ಲಿ ನಿಂತಿತು. ಮುಂದಕ್ಕೆ ಎರಡೂ ಒಟ್ಟಿಗೆ ಹೋದವು.

ಮುಗಿದ ಮೇಲೆ ಹೊರಗಿನ ಹಜಾರದಲ್ಲಿ ಎಲ್ಲರಿಗೂ ಒಂದೇ ಜಗ್ಗಿನಿಂದ ಹಣ್ಣಿನ ರಸ ಕೊಡುತ್ತಿದ್ದರು. ಬಾರ್ತಾ ಅವರು ಒಂದು ಲೋಟ ತಂದು ನನ್ನ ಕೈಗೆ ಕೊಟ್ಟು, ಏನೂ ಹೇಳದೆ ಬೇರೆಯವರ ಕಡೆ ಹೋದರು. ಬಾಯಿ ಒಣಗಿತ್ತು, ಕುಡಿದೆ.

ಕಾರಿನಲ್ಲಿ ಅಳಿಯಂದಿರು ರೇಡಿಯೋ ಹಾಕಲಿಲ್ಲ. ಮೈಥಿಲಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ, ಮಧ್ಯದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಈ ಮೌನ ಇನ್ನೆಷ್ಟು ತಿಂಗಳೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಫ್ರೀವೇಯಿಂದ ಇಳಿಯುವಾಗ ಅವಳು ಮುಂದಿನ ಸೀಟನ್ನೇ ನೋಡುತ್ತ ಹೇಳಿದಳು.

"ಹಾಟ್ ವಾಟರ್ ಅಂತ ಯಾಕೆ ಹೇಳ್ದೆ ಅಜ್ಜಿ? ಸೋ ಎಂಬ್ಯಾರಸಿಂಗ್."

ಆರು ದಿನದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ಇದು. ಏನು ಉತ್ತರ ಕೊಡಬೇಕೆಂದು ತಿಳಿಯದೆ, ನೀರು ಬಿಸಿಯಾಗಿಯೇ ಇತ್ತಲ್ಲ, ಎಂದೆ.